ಒತ್ತಿದರೂ ಜಗ್ಗದ ಕೊಬ್ಬು: ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ನಾನು ನೋಡುವ ಬಗೆ

ಹೊಟ್ಟೆನೋವಿನವರ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ, ಕಿಡ್ನಿ, ಅಪೆಂಡಿಕ್ಸ್ ಎಲ್ಲ ಸರಿಯಿದ್ದರೂ ‘ನಾರ್ಮಲ್’ ಎಂದು ಬರೆಯುವ ಮೊದಲು ನಾನು ಕೊಬ್ಬನ್ನು ನೋಡುತ್ತೇನೆ. ದೊಡ್ಡ ಕರುಳಿನ ಹೊರಮೈಗೆ 50ರಿಂದ 100 ಪುಟ್ಟ ಕೊಬ್ಬಿನ ಕುಚ್ಚುಗಳು ಜೋತುಬಿದ್ದಿರುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿರದಿದ್ದರೆ ಅವು ಬೇರೆಯಾಗಿ ಕಾಣುವುದೇ ಇಲ್ಲ. ಬುಡ ತಿರುಚಿಕೊಂಡೋ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಯೋ ಕುಚ್ಚು ಊದಿದಾಗ ಮಾತ್ರ ಎದ್ದು ಕಾಣುತ್ತದೆ. ಇದೇ ಎಪಿಪ್ಲೋಯಿಕ್ ಅಪೆಂಡಜೈಟಿಸ್, ಅಂದರೆ ಕುಚ್ಚಿನ ಉರಿಯೂತ.

ನೋವಿರುವ ಜಾಗವನ್ನು ಒಂದೇ ಬೆರಳಿನಲ್ಲಿ ತೋರಿಸಿ ಎನ್ನುತ್ತೇನೆ. 3–5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್‌ನಲ್ಲಿ (ಹೊಟ್ಟೆಯ ಮೇಲಿಟ್ಟು ನೋಡುವ ಸಾಧನ) ಇಡೀ ಹೊಟ್ಟೆ ನೋಡಿ, ಆಮೇಲೆ 7–12 ಮೆಗಾಹರ್ಟ್ಸ್‌ನ ಲೀನಿಯರ್ (ನೇರ ಮುಖದ) ಪ್ರೋಬನ್ನು ಆ ಬೆರಳಿದ್ದಲ್ಲೇ ಇಡುವುದು. ಉರಿಯೂತವಿರುವ ಕೊಬ್ಬು ಬೆಳ್ಳಗೆ ಕಾಣುತ್ತದೆ, ಆದರೆ ಗೇನ್ (ಚಿತ್ರದ ಹೊಳಪು) ಹೆಚ್ಚಿದ್ದರೆ ಯಾರ ಕೊಬ್ಬಾದರೂ ಬೆಳ್ಳಗೇ ಕಾಣುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಅದಕ್ಕೇ ಯಾವ ಗುಂಡಿಯನ್ನೂ ಮುಟ್ಟದೆ ಹೊಟ್ಟೆಯ ಇನ್ನೊಂದು ಬದಿಗೆ ಹೋಗಿ ಹೋಲಿಸಿ ನೋಡಬೇಕು.

ನಂತರ ಒತ್ತುವುದು. ಉಸಿರು ಬಿಡುವಾಗ ನಿಧಾನವಾಗಿ ಒತ್ತುತ್ತಾ ಹೋಗಬೇಕು, ಗಬಕ್ಕನೆ ಒತ್ತಿದರೆ ಸ್ನಾಯು ಬಿಗಿಯಾಗಿ ಏನೂ ಕಾಣದು. ಒತ್ತಿದಾಗ ಗ್ಯಾಸ್ ಸರಿಯುತ್ತದೆ, ಒಳ್ಳೆಯ ಕೊಬ್ಬು ಚಪ್ಪಟೆಯಾಗುತ್ತದೆ. ಉರಿಯೂತವಿರುವ ಕೊಬ್ಬು ಮಾತ್ರ 2–4 ಸೆಂ.ಮೀ. ಬಿಳಿ ಮೊಟ್ಟೆಯಂತೆ ಅಲ್ಲೇ ನಿಲ್ಲುತ್ತದೆ, ಸುತ್ತ ತೆಳುವಾದ ಕಪ್ಪು ಅಂಚು. ಜೋರಾಗಿ ಉಸಿರೆಳೆಯಲು ಹೇಳಿದರೆ ಅಕ್ಕಪಕ್ಕದ ಕರುಳು ಜಾರಿದರೂ ಈ ಗಂಟು ಹೊಟ್ಟೆಯ ಮುಂಗೋಡೆಯ ಒಳಪೊರೆಗೆ ಅಂಟಿಕೊಂಡು ಅಲುಗದು. ನನ್ನ ಮಟ್ಟಿಗೆ ಈ ಅಲುಗದಿರುವಿಕೆಯ ಮುಂದೆ ಬಿಳುಪು ಏನೂ ಅಲ್ಲ.

ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ) ಹಾಕುವಾಗ ವೇಗದ ಸ್ಕೇಲನ್ನು ಸೆಕೆಂಡಿಗೆ 5 ಸೆಂ.ಮೀ. ಆಸುಪಾಸಿಗೆ ಇಳಿಸಿ, ಕೈಭಾರ ಕಡಿಮೆ ಮಾಡಬೇಕು. ಒತ್ತಿ ಹಿಡಿದರೆ ಇರುವ ರಕ್ತಸಂಚಾರವೂ ಮಾಯವಾಗಿ ತಪ್ಪು ಉತ್ತರ ಬರುತ್ತದೆ. ಕುಚ್ಚಿನ ನಡುವೆ ಸಾಮಾನ್ಯವಾಗಿ ಹರಿವು ಇರುವುದಿಲ್ಲ.

ಎಡಗಡೆಯಾದರೆ ಪಕ್ಕದ ಕರುಳಿನ ಗೋಡೆ ಅಳೆಯಿರಿ: 4–5 ಮಿ.ಮೀ. ದಾಟಿ ದಪ್ಪವಾಗಿ, ನಡುವೆ ಡೈವರ್ಟಿಕ್ಯುಲಂ (ಗೋಡೆಯಿಂದ ಹೊರಚಾಚಿದ ಪುಟ್ಟ ಚೀಲ) ಕಂಡರೆ ಕಥೆ ಬೇರೆ, ಆ ಚೀಲದ ಉರಿಯೂತವಿರಬಹುದು. ಬಲಗಡೆ, 5 ಸೆಂ.ಮೀ.ಗಿಂತ ದೊಡ್ಡದಾಗಿ, ಕಪ್ಪು ಅಂಚಿಲ್ಲದೆ ಹರಡಿದ್ದರೆ ಓಮೆಂಟಂನ (ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪರದೆ) ಇನ್‌ಫಾರ್ಕ್ಷನ್, ಅಂದರೆ ರಕ್ತ ಸಿಗದೆ ಅದರ ಭಾಗ ಸಾಯುವುದು, ನೆನಪಿಗೆ ಬರಬೇಕು. ಆದರೆ ಬಲಗಡೆಯ ಬಿಳಿ ಕೊಬ್ಬನ್ನು ಸುಲಭಕ್ಕೆ ನಂಬಬೇಡಿ. ತೂತಾದ ಅಪೆಂಡಿಕ್ಸನ್ನು ಓಮೆಂಟಂ ಬಂದು ಮುಚ್ಚಿದಾಗಲೂ ಇದೇ ಚಿತ್ರ. ಅಪೆಂಡಿಕ್ಸ್ ತುದಿಯವರೆಗೂ ಕಾಣದಿದ್ದರೆ, ಇಲ್ಲವೇ ಜ್ವರವಿದ್ದು ಸಿ.ಆರ್.ಪಿ. (ಉರಿಯೂತ ತಿಳಿಸುವ ರಕ್ತಪರೀಕ್ಷೆ) ಏರಿದ್ದರೆ ಸಿ.ಟಿ.ಗೆ ಕಳಿಸುತ್ತೇನೆ. ಹೊಟ್ಟೆ ದಪ್ಪವಿದ್ದು ಲೀನಿಯರ್ ಪ್ರೋಬ್‌ಗೆ ಆಳ ಸಾಲದಿದ್ದಾಗಲೂ, ಮೆಸೆಂಟರಿಯ (ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಡುವ ಪೊರೆ) ಬುಡದ ಕೊಬ್ಬಿನ ಉರಿಯೂತದ ಅನುಮಾನವಿದ್ದಾಗಲೂ ಅಷ್ಟೇ.

ರಿಪೋರ್ಟಿನಲ್ಲಿ ಗಂಟಿನ ಅಳತೆ, ಜಾಗ, ಪ್ರೋಬ್ ಒತ್ತಿದಾಗ ನೋವು ಸರಿಯಾಗಿ ಅಲ್ಲೇ ಬಂತೇ, ಅಪೆಂಡಿಕ್ಸ್ ಎಷ್ಟು ಕಂಡಿತು, ಇಷ್ಟನ್ನೂ ಬರೆಯುತ್ತೇನೆ. ಕುಚ್ಚಿನ ಉರಿಯೂತವೇ ಆಗಿದ್ದರೆ ಬಹುತೇಕರಿಗೆ ನೋವಿನ ಮಾತ್ರೆಯಲ್ಲೇ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆಪರೇಷನ್ ಬೇಕಾಗುವುದು ಅಪರೂಪ.