ಮೊದಲ ಸಲ ಮಕ್ಕಳ ಮುಂದೆ ನಿಲ್ಲುವವರಿಗೆ

ತರಬೇತಿಗೆ ಕೊಡಗಿನ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೀರಾ? ಮೊದಲ ದಿನವೇ ಪಾಠ ಶುರು ಮಾಡಬೇಡಿ. ಹೆಸರು ಕಲಿಯಿರಿ, ಮನೆಮಾತು ಕೇಳಿ. ಒಂದೇ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡುವ ಮಕ್ಕಳಿರಬಹುದು, ತೋಟದ ಲೈನ್ ಮನೆಯಿಂದ (ಕಾರ್ಮಿಕರ ಸಾಲು ಮನೆ) ಬರುವ ಮಗು ಸುಮ್ನೆ ಕೂತಿದೆ ಅಂದರೆ ಅದಕ್ಕೆ ಏನೂ ಬರಲ್ಲ ಅಂತಲ್ಲ, ನಿಮ್ಮ ಕನ್ನಡ ಅದರ ಕಿವಿಗೆ ಇನ್ನೂ ಹೊಸದು. ಇದು ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು. ಆಮೇಲೆ ಅಂಥ ಒಬ್ಬಳಿಗೆ ಕಾಫಿ ಬೀಜ ಕೊಟ್ಟೆ. ಹತ್ತರ ಗುಂಪು ಮಾಡುತ್ತಾ ನೂರರವರೆಗೆ ಎಣಿಸಿಬಿಟ್ಟಳು!

ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಗಳ ಪದ್ಧತಿ) ತರಗತಿಯಲ್ಲಿ 1ರಿಂದ 3ನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ, ಹಾಗಾಗಿ ಕಲಿಕಾ ಕಾರ್ಡುಗಳನ್ನು ಹಿಂದಿನ ದಿನವೇ ಜೋಡಿಸಿಡಿ.

ಜುಲೈ ಮಳೆಯಲ್ಲಿ ಛಾವಣಿಯ ಸದ್ದು ಜಾಸ್ತಿ. ಕೂಗಬೇಡಿ, ಕೈಸನ್ನೆ ಕಲಿಸಿ. ನೆನೆದು ಬಂದ ಮಗುವಿನ ತಲೆ ಮೊದಲು ಒರೆಸಿ, ಪಾಠ ಆಮೇಲೆ.