ಬೂಸ್ಟ್ ಬಂದಾಗಲೇ ಪೆಟ್ರೋಲೂ ಬರಬೇಕು: ಜಿಟಿಪಿ ಮೇಲೆ ನನ್ನ ಅನುಭವ

ನನ್ನ 2001ರ ಪಾಂಟಿಯಾಕ್ ಗ್ರ್ಯಾಂಡ್ ಪ್ರೀ ಜಿಟಿಪಿ ಈಗ ಸೂಪರ್‌ಚಾರ್ಜರಿಗೆ ಕಂಪನಿಯದಕ್ಕಿಂತ ಚಿಕ್ಕದಾದ 3.4 ಇಂಚಿನ ಪುಲ್ಲಿಯಲ್ಲಿ, ಬಂಕಿನ 93 ಆಕ್ಟೇನ್ ಪೆಟ್ರೋಲಿನಲ್ಲಿ, ಕೆಆರ್ (ನಾಕ್ ರಿಟಾರ್ಡ್, ಅಂದರೆ ನಾಕ್ ಕೇಳಿ ಎಂಜಿನ್ ಕಂಪ್ಯೂಟರ್ ಹಿಂದಕ್ಕೆಳೆಯುವ ಟೈಮಿಂಗ್) ಹೆಚ್ಚುಕಮ್ಮಿ ಸೊನ್ನೆಗೆ ಅಂಟಿಕೊಂಡು ಓಡುತ್ತಿದೆ. ಒಳಹೋಗುವ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್ ಇಲ್ಲ. ಗಂಟೆಗೆ 36 ಪೌಂಡ್ ಪೆಟ್ರೋಲ್ ಬಿಡುವ ಕಂಪನಿಯ ಇಂಜೆಕ್ಟರುಗಳೇ ಇವೆ. ಆಗಲ್ಲ ಅಂದವರೇ ಈಗ ಎಂಜಿನ್ ಕಂಪ್ಯೂಟರಿಗೆ ಹಾಕಿದ ಫೈಲ್ ಕೊಡು ಅಂತ ಕೇಳುತ್ತಿದ್ದಾರೆ. ಫೈಲ್ ಕೊಡಲ್ಲ. ಮಾಡಿದ್ದು ಹೇಗೆ ಅಂತ ಬಹುಪಾಲು ಹೇಳುತ್ತೇನೆ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಈ ಕಾರಿನ 3800 ವಿ6 ಎಂಜಿನ್ ತಯಾರಾಗುತ್ತಿದ್ದ ಫ್ಲಿಂಟ್ ಇಲ್ಲಿಂದ ಒಂದು ಗಂಟೆ ದಾರಿ. ಆ ಎಂಜಿನ್ನಿನ ಕಥೆಯೇ ಮಜಾ. ಬ್ಯೂಯಿಕ್ 1960ರ ದಶಕದಲ್ಲಿ ಇದರ ಮೂಲ ವಿ6 ಮಾಡಿತು, ಬೇಡ ಅಂತ ಕೈಸರ್ ಜೀಪ್‌ಗೆ ಮಾರಿತು. ಎಣ್ಣೆ ಬಿಕ್ಕಟ್ಟು ಬಂದ ಮೇಲೆ 1974ರಲ್ಲಿ ವಾಪಸ್ ಕೊಂಡಿತು. ಅದೇ ಮನೆತನದ ಎಂಜಿನ್ 2008ರವರೆಗೂ ಬಂತು. ನನ್ನದು ಸೂಪರ್‌ಚಾರ್ಜರ್ ಇರುವ ಎಲ್67. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ (ಆ ಒತ್ತಡವೇ ಬೂಸ್ಟ್) ಈಟನ್ ಎಂ90 ಬ್ಲೋವರ್, 8.5 ಕಂಪ್ರೆಶನ್, ಕಂಪನಿ ಲೆಕ್ಕದಲ್ಲಿ 240 ಹಾರ್ಸ್‌ಪವರ್. ಕಾರಿಗೆ ಕೊಟ್ಟದ್ದು ಸುಮಾರು 2,400 ಡಾಲರ್. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಬಾಗಿಲ ಕೆಳಗಿನ ಪಟ್ಟಿ ತಿಂದುಹೋಗಿತ್ತು, ಅದಕ್ಕೇ ಅಷ್ಟು ಅಗ್ಗ.

ಈ ಕಾರಿನ ರೋಗ ಎಲ್ಲರಿಗೂ ಗೊತ್ತಿರುವುದೇ. ಚಿಕ್ಕ ಪುಲ್ಲಿ ಹಾಕಿ ಬ್ಲೋವರನ್ನು ಜೋರಾಗಿ ತಿರುಗಿಸಿದ ಕೂಡಲೇ ಕೆಆರ್ ಶುರು. ನಾಕ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು) ಕೇಳಿದ ಪಿಸಿಎಂ, ಅಂದರೆ ಎಂಜಿನ್ ಕಂಪ್ಯೂಟರ್, ಕಿಡಿ ಹಚ್ಚುವ ಟೈಮಿಂಗನ್ನು ಎಂಟು, ಒಂಬತ್ತು ಡಿಗ್ರಿ ಹಿಂದಕ್ಕೆ ಎಳೆದುಬಿಡುತ್ತದೆ. ಬೂಸ್ಟ್ ಜಾಸ್ತಿ ಆಗಿದೆ, ಸದ್ದೂ ಜಾಸ್ತಿ ಆಗಿದೆ, ಕಾರು ಮಾತ್ರ ಮೊದಲಿಗಿಂತ ಮಂದ. ಪುಲ್ಲಿಗೆ ಕೊಟ್ಟ ದುಡ್ಡು ಸದ್ದಿಗೆ ಕೊಟ್ಟ ಹಾಗಾಯಿತು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಪೆಟ್ರೋಲ್ ಸಾಲುತ್ತಿಲ್ಲ, ಜಾಸ್ತಿ ಸುರಿ. ನಾನೂ ಸುರಿದೆ. 42 ಪೌಂಡ್ ಇಂಜೆಕ್ಟರುಗಳಿಗೆ 250 ಡಾಲರ್ ಹತ್ತಿರ ಹೋಯಿತು. ದೊಡ್ಡ ಪಂಪ್‌ಗೆ ನೂರರ ಮೇಲೆ. ಒಂದು ಹಂತ ತಣ್ಣನೆಯ ಪ್ಲಗ್, 180 ಡಿಗ್ರಿ ಫ್ಯಾರನ್‌ಹೀಟ್ ಥರ್ಮೋಸ್ಟಾಟ್ ಬಂತು. ಹೆಡರ್‌ಗೆ (ಎಂಜಿನ್ನಿನ ಹೊಗೆ ಕೊಳವೆಗೆ) 400. ಪಿಇ (ಪವರ್ ಎನ್‌ರಿಚ್‌ಮೆಂಟ್, ಜೋರು ಬೇಕಾದಾಗ ಪೆಟ್ರೋಲ್ ಹೆಚ್ಚಿಸುವ ವ್ಯವಸ್ಥೆ) ಟೇಬಲಿನಲ್ಲಿ ಒಂದು ಪಾಲು ಪೆಟ್ರೋಲಿಗೆ ಗಾಳಿಯ ಪಾಲನ್ನು 11ರ ಕೆಳಗೆ ಇಳಿಸಿದೆ. ಹಿಂದಿನಿಂದ ಕಪ್ಪು ಹೊಗೆ ಬಂತು, ಕೆಆರ್ ಒಂದು ಡಿಗ್ರಿ ಇಳಿಯಿತು. ಎಂಜಿನ್ ಶಕ್ತಿ ಅಳೆಯುವ ಡೈನೋದಲ್ಲಿ ಗಂಟೆಗೆ 125 ಕೊಟ್ಟು ತೋರಿಸಿದರೆ ಅಲ್ಲಿನ ಟ್ಯೂನರ್ ಅಂದದ್ದು: 'ಇಂಟರ್‌ಕೂಲರ್ ಹಾಕಿಸಿ, ಇಲ್ಲಾಂದ್ರೆ ಹಳೇ ಪುಲ್ಲಿಗೆ ಹೋಗಿ.' ಇಂಟರ್‌ಕೂಲರಿಗೆ ಅವರು ಹೇಳಿದ ಬೆಲೆ ಕಾರಿನ ಬೆಲೆಯ ಅರ್ಧ. ನನ್ನ ಹೆಂಡತಿ ಆ ಚೀಟಿ ನೋಡಿ ಏನೂ ಹೇಳಲಿಲ್ಲ, ಊರಿಗೆ ಹೋಗುವ ವಿಮಾನದ ಟಿಕೆಟ್ ದರ ತೆಗೆದು ತೋರಿಸಿದಳು.

ಡೈನೋ ಹಾಳೆಯಲ್ಲೇ ಒಂದು ವಿಚಿತ್ರ ಇತ್ತು. ಕೆಆರ್ ಹುಟ್ಟುತ್ತಿದ್ದದ್ದು 5,000 ಆರ್‌ಪಿಎಂನಲ್ಲಿ ಅಲ್ಲ, ಕಾಲು ಒತ್ತಿದ ಮೊದಲ ಕ್ಷಣದಲ್ಲಿ. ಮೇಲೆ ಕಾಣುತ್ತಿದ್ದದ್ದು ಅದರ ಬಾಲ. ಪೆಟ್ರೋಲ್ ನಿಜವಾಗಿ ಸಾಲದಿದ್ದರೆ ಉಲ್ಟಾ ಆಗಬೇಕಿತ್ತು, ಮೇಲೆ ಹೋದಂತೆ ಹೆಚ್ಚಬೇಕಿತ್ತು. ಇದನ್ನು ಟ್ಯೂನರಿಗೆ ಹೇಳಿದೆ. 'ಸುಳ್ಳು ನಾಕ್ ಇರುತ್ತೆ ಬಿಡಿ, ಹೆಡರ್ ಎಲ್ಲೋ ಬಡಿಯುತ್ತಿರಬೇಕು' ಅಂದರು.

ಹೆಡರ್ ಎಲ್ಲೂ ಬಡಿಯುತ್ತಿರಲಿಲ್ಲ. ಕೆಳಗೆ ಮಲಗಿ ನೋಡಿದ್ದೆ.

ಆಗ ಲಾಗ್ ಮಾಡುವ, ಅಂದರೆ ಓಡಿಸುತ್ತಾ ಪಿಸಿಎಂ ಅಂಕಿಗಳನ್ನು ದಾಖಲಿಸುವ ರೀತಿ ಬದಲಿಸಿದೆ. ಈ ಪಿಸಿಎಂ ಮಾತಾಡುವುದು ಹಳೆಯ ಜೆ1850 ವಿಪಿಡಬ್ಲ್ಯೂ ಲೈನಿನಲ್ಲಿ, ವೇಗ ಸೆಕೆಂಡಿಗೆ 10.4 ಕಿಲೋಬಿಟ್. ಇಪ್ಪತ್ತು ಸಂಗತಿ ಟಿಕ್ ಮಾಡಿ ಕೂತರೆ ಒಂದೊಂದೂ ಸೆಕೆಂಡಿಗೆ ಎರಡು ಮೂರು ಸಲ ಬಂದರೆ ಪುಣ್ಯ. ನಾವು ಹುಡುಕುವ ತಪ್ಪು ಆ ಎರಡು ಸಾಲುಗಳ ನಡುವೆಯೇ ಮುಗಿದುಹೋಗಿರುತ್ತದೆ. ಎಲ್ಲ ತೆಗೆದು ಐದೇ ಇಟ್ಟೆ: ಆರ್‌ಪಿಎಂ, ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ), ಕೆಆರ್, ಇಂಜೆಕ್ಟರ್ ಪಲ್ಸ್ (ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ), ಹೊಗೆಯ ಆಮ್ಲಜನಕ ಓದುವ ಮುಂದಿನ ಓ2 ಸೆನ್ಸರ್. ಮೂರನೇ ಗಿಯರ್, 2,000 ಆರ್‌ಪಿಎಂ ಸುಮಾರು, ಖಾಲಿ ರಸ್ತೆ, ಕಾಲು 60 ಪರ್ಸೆಂಟಿಗೆ.

ಲಾಗ್ ಕಂಡದ್ದು ಹೀಗೆ. ಟಿಪಿಎಸ್ ನೆಟ್ಟಗೆ ಏರಿ ನಿಂತಿದೆ. ಬೂಸ್ಟ್ ಗೇಜ್ ಏಳು ಪಿಎಸ್‌ಐ ದಾಟಿದೆ. ಓ2 ಮಾತ್ರ ಇನ್ನೂ 150 ಮಿಲಿವೋಲ್ಟ್, 800, 200, 750 ಅಂತ ಜೋಕಾಲಿ ಆಡುತ್ತಿದೆ. ಅಂದರೆ ಬೂಸ್ಟ್‌ನಲ್ಲೂ ಪಿಸಿಎಂ ಕ್ಲೋಸ್ಡ್ ಲೂಪ್‌ನಲ್ಲೇ ಕೂತು, ಓ2 ನೋಡಿ ಪೆಟ್ರೋಲ್ ತಿದ್ದುತ್ತಾ, ಮಾಮೂಲಿ ಓಟದ 14.7 ಪಾಲು ಗಾಳಿಯನ್ನೇ ಕಾಯುತ್ತಿದೆ. ಕೆಆರ್ 0, 3, 7, 9. ಒಂದು ಸೆಕೆಂಡಿನ ಮೇಲೆ ಓ2 920ಕ್ಕೆ ಹೋಗಿ ಗಟ್ಟಿಯಾಗಿ ನಿಂತಿತು, ಪಿಇ ಆನ್. ಆಮೇಲೆ ಮಿಶ್ರಣ ಸರಿಯಾಗಿಯೇ ಇದೆ. ಆದರೆ ಏರಿದ ಕೆಆರ್ ಸಲೀಸಾಗಿ ಇಳಿಯುವುದಿಲ್ಲ ಅಲ್ವಾ, ತೊಟ್ಟು ತೊಟ್ಟಾಗಿ ಇಳಿಯುತ್ತದೆ. 4,500 ಆರ್‌ಪಿಎಂಗೆ ಬಂದರೂ ನಾಲ್ಕು ಡಿಗ್ರಿ ಉಳಿದೇ ಇತ್ತು. ನಾನು ಇಷ್ಟು ದಿನ ಆ ಉಳಿಕೆಗೆ ಪೆಟ್ರೋಲ್ ಸುರಿಯುತ್ತಿದ್ದೆ.

ಪಿಇಗೆ ಈ ತಡ ಕಂಪನಿ ಸುಮ್ನೆ ಇಟ್ಟದ್ದಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ಚೆನ್ನಾಗಿ ಕೆಲಸ ಮಾಡುವುದು 14.7ರ ಅಕ್ಕಪಕ್ಕದಲ್ಲಿ. ಯಾರೋ ಸಿಗ್ನಲ್ ದಾಟಲು ಒಮ್ಮೆ ಕಾಲು ಒತ್ತಿದ ಮಾತ್ರಕ್ಕೆ ಪೆಟ್ರೋಲ್ ಸುರಿಯಬಾರದು ಅಂತ ಲೆಕ್ಕ. ಕಂಪನಿಯ 3.8 ಇಂಚಿನ ಪುಲ್ಲಿಯಲ್ಲಿ ಅದು ನಡೆಯುತ್ತದೆ. ಪುಲ್ಲಿ ಚಿಕ್ಕದಾದಾಗ ಅದೇ ಒಂದು ಸೆಕೆಂಡ್ ದುಬಾರಿ. ಟರ್ಬೊ ಆದರೆ ಬೂಸ್ಟೇ ನಿಧಾನ ಬರುತ್ತದೆ, ಅಷ್ಟರಲ್ಲಿ ಪೆಟ್ರೋಲೂ ಬಂದಿರುತ್ತದೆ. ಈಟನ್ ಬ್ಲೋವರ್ ಬೆಲ್ಟಿಗೆ ಕಟ್ಟಿದ್ದು. ಗಾಳಿಯನ್ನು ಸುತ್ತಿಸಿ ವಾಪಸ್ ಬಿಡುವ ಬೈಪಾಸ್ ಮುಚ್ಚಿದ ಕ್ಷಣವೇ ಗಾಳಿ ಒಳಗೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ತನ್ನ ಹೊಸ ಟರ್ಬೊ ಕಾರಿಗೂ ಇದನ್ನು ಮಾಡಬಹುದಾ ಅಂತ ಕೇಳಿದ. ಬೇಡಪ್ಪಾ, ಅದರ ಲೆಕ್ಕವೇ ಬೇರೆ ಅಂದೆ.

ತಡ ನಿಜವಾಗಿ ಪಿಸಿಎಂನದೇ, ಅಥವಾ ನನ್ನ ಸೆನ್ಸರಿನದಾ? ಇದನ್ನು ಮೊದಲು ಬಗೆಹರಿಸಿಕೊಳ್ಳಿ. ಹೊಗೆ ಸಿಲಿಂಡರಿನಿಂದ ಸೆನ್ಸರ್‌ವರೆಗೆ ಬರಬೇಕು, ಸೆನ್ಸರ್ ಅದನ್ನು ಓದಬೇಕು, ಅದಕ್ಕೂ ಹೊತ್ತು ಬೇಕು. ಡೌನ್‌ಪೈಪಿಗೆ ಮಿಶ್ರಣದ ನಿಖರ ಅಂಕಿ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿದೆ, 200 ಡಾಲರ್ ಚಿಲ್ಲರೆ. ಒಂದೇ ವೇಗದಲ್ಲಿ ಹೋಗುತ್ತಾ ಟ್ಯೂನಿಂಗ್ ಸಾಫ್ಟ್‌ವೇರಿನಿಂದ ಮಿಶ್ರಣವನ್ನು ಒಮ್ಮೆಗೇ 14.7ರಿಂದ 13ಕ್ಕೆ ಇಳಿಸಿದೆ. ಪಲ್ಸ್ ತಕ್ಷಣ ಅಗಲವಾಯಿತು, ವೈಡ್‌ಬ್ಯಾಂಡ್ ಮೂರನೇ ಒಂದು ಸೆಕೆಂಡ್ ತಡವಾಗಿ ತೋರಿಸಿತು. ಪೂರ್ತಿ ಥ್ರಾಟಲ್‌ನಲ್ಲಿ ಹೊಗೆಯ ವೇಗ ಜಾಸ್ತಿ, ತಡ ಇನ್ನೂ ಕಡಿಮೆ. ಉಳಿದದ್ದೆಲ್ಲ ಪಿಸಿಎಂ ಖಾತೆಗೆ. ಒಟ್ಟಿನಲ್ಲಿ ನಂಬಬೇಕಾದದ್ದು ಪಲ್ಸನ್ನು. ಕ್ಯಾಟ್ ಹಿಂದೆ ವೈಡ್‌ಬ್ಯಾಂಡ್ ಹಾಕಿಕೊಂಡು ತಡ ಅಳೆಯುವವರಿಗೆ ನನ್ನ ನಮಸ್ಕಾರ.

ಈಗ ಕೆಲಸಕ್ಕೆ ಬರೋಣ. ಪಿಇ ಡಿಲೇ, ಅಂದರೆ ಆ ತಡ, ಸೊನ್ನೆ ಮಾಡಿದೆ. ಇಷ್ಟೇ ಸಾಕು ಅಂದುಕೊಳ್ಳುವವರು ಬಹಳ, ಅರ್ಧ ಕೆಲಸ ಮಾತ್ರ. ಇನ್ನರ್ಧ ಟಿಪಿಎಸ್ ಗಡಿ, ಅಂದರೆ ಎಷ್ಟು ಪರ್ಸೆಂಟ್ ಥ್ರಾಟಲ್‌ಗೆ ಪಿಇ ಆನ್ ಆಗಬೇಕು ಅನ್ನುವುದು. ನನ್ನ ಫೈಲಿನಲ್ಲಿ ಅದು ನೆನಪಿನ ಪ್ರಕಾರ 60ರ ಹತ್ತಿರ ಇತ್ತು, ಆರ್‌ಪಿಎಂ ಎಷ್ಟಿದ್ದರೂ ಹೆಚ್ಚು ವ್ಯತ್ಯಾಸ ಇಲ್ಲ. ಆದರೆ 2,000 ಆರ್‌ಪಿಎಂನಲ್ಲಿ ನನ್ನ ಕಾರು 35–40 ಪರ್ಸೆಂಟ್ ಥ್ರಾಟಲ್‌ಗೇ ವ್ಯಾಕ್ಯೂಮ್ ಬಿಟ್ಟು ಬೂಸ್ಟ್‌ಗೆ ಬರುತ್ತದೆ. 4,000ದಲ್ಲಿ ಅದೇ ಗೆರೆ ದಾಟಲು 50ರ ಮೇಲೆ ಬೇಕು. ಗಡಿ ಇರಬೇಕಾದದ್ದು ಈ ಗೆರೆಯ ಮೇಲೆ. ಬೂಸ್ಟ್ ಗೇಜ್ ಮುಂದೆ ಇಟ್ಟುಕೊಂಡು, 500 ಆರ್‌ಪಿಎಂಗೆ ಒಂದರಂತೆ, ಮುಳ್ಳು ಸೊನ್ನೆ ದಾಟುವ ಟಿಪಿಎಸ್ ಬರೆದುಕೊಂಡೆ. ನಾನು ಓಡಿಸುವುದು, ಪಕ್ಕದಲ್ಲಿ ಹಾಸನದ ನನ್ನ ಗೆಳೆಯ ಪೆನ್ನು ಹಿಡಿದು ಕೂರುವುದು. 'ಏನ್ ಮಾರಾಯಾ, ಡಬ್ಬಾ ಕಾರಿಗೆ ಜಾತಕ ಬರೀತಿದೀಯಾ' ಅಂತ ಅವನ ಗೊಣಗಾಟ. ಆ ಜಾತಕವೇ ಹೊಸ ಟೇಬಲ್ ಆಯಿತು. ಪ್ರತಿ ಜಾಗದಲ್ಲೂ ಗೆರೆಗಿಂತ ಸ್ವಲ್ಪ ಕೆಳಗೆ ಇಟ್ಟೆ. ಎಷ್ಟು ಕೆಳಗೆ ಅನ್ನುವುದು ನಿಮ್ಮ ಕಾಲಿನ ಅಭ್ಯಾಸಕ್ಕೆ ಬಿಟ್ಟದ್ದು.

ತೀರಾ ಕೆಳಗೆ ಇಟ್ಟರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. 25ಕ್ಕೆ ಇಳಿಸಿದಾಗ ಹೈವೇಯಲ್ಲಿ ಎದುರು ಗಾಳಿ ಬಂದರೂ ಪಿಇ ಆನ್. ಗ್ಯಾಲನ್‌ಗೆ 26 ಮೈಲಿ ಕೊಡುತ್ತಿದ್ದ ಮೈಲೇಜ್ 21ಕ್ಕೆ ಬಿತ್ತು. ಮಿಷಿಗನ್ ಚಪ್ಪಟೆ ನೆಲ, ಇಲ್ಲೇ ಹೀಗೆ. ಗುಡ್ಡ ಇರುವ ಕಡೆ ಪೆಟ್ರೋಲ್ ಬಿಲ್ಲೇ ನಿಮ್ಮನ್ನು ಮುಗಿಸುತ್ತದೆ.

ಮೂರನೆಯದು ರ‍್ಯಾಂಪ್, ಅಂದರೆ 14.7ರಿಂದ 11.5ಕ್ಕೆ ಎಷ್ಟು ಬೇಗ ಇಳಿಯಬೇಕು ಅನ್ನುವುದು. ಒಮ್ಮೆಗೇ ಇಳಿಸಿದರೆ ಕಡಿಮೆ ಆರ್‌ಪಿಎಂನಲ್ಲಿ ಕಾರು ಮುಗ್ಗರಿಸುತ್ತದೆ. ನಿಧಾನ ಮಾಡಿದರೆ ಡಿಲೇ ತೆಗೆದದ್ದೇ ವ್ಯರ್ಥ. ನಡುವೆ ಒಂದು ಅಂಕಿ ಇದೆ. ಅದನ್ನು ಹುಡುಕಲು ಎಷ್ಟು ಪೆಟ್ರೋಲ್ ಸುಟ್ಟಿದ್ದೇನೆ ಅಂತ ನನಗೇ ಗೊತ್ತು, ಹಾಗಾಗಿ ಅದು ನನ್ನ ಹತ್ತಿರವೇ ಇರಲಿ. ಇನ್ನೊಂದು ಟೇಬಲನ್ನೂ ಮುಟ್ಟಿದ್ದೇನೆ. ಅದೂ ಅಷ್ಟೇ. ಒಂದು ಸುಳಿವು: ಅದು ಪೆಟ್ರೋಲಿನದಲ್ಲ.

ಫ್ಲ್ಯಾಶ್ ಮಾಡುವಾಗ (ಹೊಸ ಫೈಲನ್ನು ಪಿಸಿಎಂಗೆ ಬರೆಯುವಾಗ) ಬ್ಯಾಟರಿಗೆ ಚಾರ್ಜರ್ ಹಾಕಿಯೇ ಮಾಡಿ. ಈ ಕಾರಿನಲ್ಲಿ ಪಿಸಿಎಂ ಇರುವುದು ಏರ್ ಫಿಲ್ಟರ್ ಡಬ್ಬದೊಳಗೆ. ನಡುವೆ ವೋಲ್ಟೇಜ್ ಬಿದ್ದು ಅದು ಸತ್ತರೆ ಗುಜರಿಯಲ್ಲಿ ಇನ್ನೊಂದು ಹುಡುಕುತ್ತಾ ಅಲೆಯಬೇಕು.

ಲಾಂಗ್ ಟರ್ಮ್ ಟ್ರಿಮ್ (ಓ2 ನೋಡಿ ಪಿಸಿಎಂ ಕಲಿತ ಪೆಟ್ರೋಲ್ ತಿದ್ದುಪಡಿ) ಕಡೆಗೂ ಒಂದು ಕಣ್ಣಿರಲಿ. ಟ್ರಿಮ್ ಪ್ಲಸ್‌ನಲ್ಲಿದ್ದರೆ ಪಿಸಿಎಂ ಅದನ್ನು ಪಿಇ ಮೇಲೂ ಸೇರಿಸುತ್ತದೆ, ಮೈನಸ್ ಇದ್ದರೆ ಬಿಟ್ಟುಬಿಡುತ್ತದೆ. ನನ್ನ ಹೆಡರ್ ಜಾಯಿಂಟಿನಲ್ಲಿ ಸಣ್ಣ ಸೋರಿಕೆ ಇತ್ತು. ಸೆನ್ಸರಿಗೆ ಹೊರಗಿನ ಗಾಳಿ ತಾಗಿ ಟ್ರಿಮ್ ಪ್ಲಸ್ 8 ತೋರಿಸುತ್ತಿತ್ತು. ಹಿಂದೆ ಕಂಡ ಕಪ್ಪು ಹೊಗೆಯಲ್ಲಿ ಅದರ ಪಾಲೂ ಇತ್ತು. ಗ್ಯಾಸ್ಕೆಟ್ ಬದಲಿಸಿ, ಒಳಬರುವ ಗಾಳಿ ಅಳೆಯುವ ಮಾಫ್ ಸೆನ್ಸರಿನ ಟೇಬಲ್ ತಿದ್ದಿ, ಟ್ರಿಮ್ಮನ್ನು ಸೊನ್ನೆಗಿಂತ ಚೂರು ಕೆಳಗೆ ತಂದ ಮೇಲೆಯೇ ಪಿಇ ಅಂಕಿಗಳು ಹೇಳಿದ ಮಾತು ಕೇಳಿದವು.

ಇಷ್ಟಾದ ಮೇಲೆ ಅದೇ ರಸ್ತೆ, ಅದೇ ಗಿಯರ್. ಟಿಪಿಎಸ್ ಏರುವುದೂ ಪಲ್ಸ್ ಏರುವುದೂ ಒಟ್ಟಿಗೇ. ಕೆಆರ್ 0, 1, 0. ಸೆಕೆ ಇರುವ ದಿನ ಎರಡರವರೆಗೆ ಹೋಗಿ ಇಳಿಯುತ್ತದೆ. 42 ಪೌಂಡ್ ಇಂಜೆಕ್ಟರುಗಳನ್ನು ತೆಗೆದು ಮಾರಿದೆ, ಕೊಂಡ ಬೆಲೆಯ ಅರ್ಧದ ಮೇಲೆ ಬಂತು. ಮೈಲನ್ ಡ್ರ್ಯಾಗ್‌ವೇಯಲ್ಲಿ ಕಾಲು ಮೈಲಿ ಮೊದಲು 15 ಸೆಕೆಂಡಿನ ಮೇಲಿತ್ತು, ಈಗ 14.2ರ ಆಸುಪಾಸು. ಕ್ಯಾಟ್ ತೆಗೆದಿಲ್ಲ, ಸೀಟೂ ತೆಗೆದಿಲ್ಲ, ಹಿಂದೆ ಮಗಳ ಬೂಸ್ಟರ್ ಸೀಟ್ ಬೇರೆ. ಆ ಡೈನೋ ಟ್ಯೂನರ್ ಲಾಗ್ ನೋಡಿ, 'ಇವತ್ತು ಚಳಿ ಇದೆ, ಅದಕ್ಕೇ' ಅಂದರು. ಜುಲೈ ಲಾಗ್ ಕಳಿಸಿದೆ. ಉತ್ತರ ಬಂದಿಲ್ಲ.

ನಡುವೆ ಇನ್ನೊಂದು ಆಟವನ್ನೂ ಆಡಿದೆ. ಇಲ್ಲಿ ಸಿಗುವ ನೀಲಿ ವಾಷರ್ ಫ್ಲೂಯಿಡ್‌ನಲ್ಲಿ ಮೆಥನಾಲ್ ಇರುತ್ತದೆ, ಬೆಲೆಯೂ ಅಗ್ಗ. ಸಣ್ಣ ಪಂಪ್, ಒಂದು ನಾಜಲ್, ಬೂಸ್ಟ್ ಸ್ವಿಚ್ ಸೇರಿಸಿ ಥ್ರಾಟಲ್ ಮುಂದೆ ಸಿಂಪಡಿಸಿದೆ. ಕೆಆರ್ ಇಳಿಯಿತು, ಸುಳ್ಳಲ್ಲ. ಆದರೆ ಅದಕ್ಕೂ ತನ್ನದೇ ತಡ ಇದೆ. ಪಂಪ್ ಒತ್ತಡ ಕಟ್ಟಿ ನಾಜಲ್ ತೆರೆಯುವಷ್ಟರಲ್ಲಿ ಆ ಮೊದಲ ಕ್ಷಣ ಮುಗಿದೇ ಹೋಗಿರುತ್ತದೆ. ಅದನ್ನು ನಂಬಿ ಟೈಮಿಂಗ್ ಏರಿಸಿ, ಒಂದು ದಿನ ಡಬ್ಬ ಖಾಲಿಯಾದರೆ ಪಿಸ್ಟನ್ ಗತಿ ಅಷ್ಟೇ. ಬಿಚ್ಚಿ ಗರಾಜಿನಲ್ಲಿ ಇಟ್ಟಿದ್ದೇನೆ, ಬೇಕಾದವರು ಬಂದು ಒಯ್ಯಬಹುದು.

ಹೊಸ ತಲೆನೋವು ಗಿಯರ್‌ಬಾಕ್ಸ್. ಟಾರ್ಕ್ ಈಗ ಒಮ್ಮೆಗೇ ಬರುತ್ತಿದೆ, ಎರಡರಿಂದ ಮೂರಕ್ಕೆ ಬೀಳುವಾಗ ಸ್ವಲ್ಪ ಜಾರುತ್ತದೆ. ಅದಕ್ಕೆ ದುಡ್ಡು ಕೂಡಿಸಬೇಕು.

ಹಾಸನದವನೂ ಈಗ ಒಂದು ಬ್ಯೂಯಿಕ್ ರೀಗಲ್ ಜಿಎಸ್ ತಂದಿದ್ದಾನೆ, ಅದೇ ಎಂಜಿನ್. ಬಂದ ದಿನವೇ ನನ್ನ ಟೇಬಲ್ ಹಾಕಿಕೊಡು ಅಂತ ಕೂತ. ಐದೇ ಸಂಗತಿ ಇಟ್ಟು ಲಾಗ್ ಮಾಡ್ಕೊಂಡು ಬಾ ಅಂದೆ. ಮಾಡಿ ತಂದ. ಪಲ್ಸ್ ಸರಿಯಾದ ಹೊತ್ತಿಗೇ ಏರುತ್ತಿದೆ, ಆದರೂ ವೈಡ್‌ಬ್ಯಾಂಡ್ 13ರ ಕೆಳಗೆ ಇಳಿಯುತ್ತಿಲ್ಲ. ಬಾನೆಟ್ ಎತ್ತಿ ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿನ ಸಣ್ಣ ರಬ್ಬರ್ ಪೈಪ್ ನೋಡಿದರೆ ತುದಿಯಲ್ಲಿ ಸೀಳಿತ್ತು. ಬೂಸ್ಟ್ ಏರಿದಾಗ ಪೆಟ್ರೋಲ್ ಒತ್ತಡ ಅದರ ಜೊತೆ ಏರಬೇಕು, ಸೀಳಿದ ಪೈಪಿನಲ್ಲಿ ಹೇಗೆ ಏರುತ್ತದೆ? ಮೊದಲು ಇದನ್ನು ಬದಲಿಸು, ಟೇಬಲ್ ಆಮೇಲೆ ನೋಡೋಣ ಅಂತ ಕಳಿಸಿದ್ದೇನೆ. ಪೈಪಿಗೆ ಮೂರು ಡಾಲರ್.