ಕಾಲುವೆಯ ಲೆಕ್ಕದಲ್ಲಿ ತಾಪಮಾನ: ಎಲ್ಲಿ ಅಳೆಯಬೇಕು, ಹೇಗೆ ತಿದ್ದಬೇಕು

ಕಾಲುವೆಯ ಲೆಕ್ಕ ಹಾಕುವಾಗ ಇಳಿಜಾರು, ಅಡ್ಡಕೊಯ್ತ, ಒರಟುತನ ಇವನ್ನೆಲ್ಲ ತಪ್ಪದೆ ಬರೆದುಕೊಳ್ಳುತ್ತೇವೆ. ತಾಪಮಾನದ ಕಾಲಂ ಮಾತ್ರ ಖಾಲಿ ಉಳಿಯುತ್ತದೆ, ಇಲ್ಲವೇ ಯೋಚಿಸದೆ 20 ಡಿಗ್ರಿ ಎಂದು ತುಂಬಿಬಿಡುತ್ತೇವೆ. ದೊಡ್ಡ ಮಣ್ಣಿನ ನಾಲೆಯಲ್ಲಿ ಹರಿವಿನ ವೇಗವಷ್ಟೇ ಬೇಕಿದ್ದರೆ ಇದರಿಂದ ನಷ್ಟವೇನಿಲ್ಲ. ಹರಿವಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ತಾಪಮಾನಕ್ಕೆ ಜಾಗವೇ ಇಲ್ಲ. ಒರಟು ತಳದ ಮೇಲೆ ಸುಳಿಸುಳಿಯಾಗಿ ಹರಿಯುವ ನೀರಿಗೆ ಅದು ಸರಿಯೂ ಹೌದು. ಆದರೆ ಹೂಳು, ಸೋರಿಕೆ, ಮಟ್ಟದ ಅಳತೆ, ಲೈನಿಂಗ್‌ನ (ನಾಲೆಯ ಒಳಹೊದಿಕೆಯ) ಬಿರುಕು, ಸೂಕ್ಷ್ಮ ನಾಳದ ಹರಿವು ಇವೆಲ್ಲ 10 ಡಿಗ್ರಿ ಹೆಚ್ಚುಕಡಿಮೆಯಾದರೆ ಬೇರೆಯದೇ ಉತ್ತರ ಕೊಡುತ್ತವೆ.

ಮೊದಲ ಪ್ರಶ್ನೆ: ಯಾವುದರ ತಾಪಮಾನ? ನೀರಿನದೋ, ಗೋಡೆಯದೋ, ಮೇಲಿನ ಗಾಳಿಯದೋ, ಅಳೆಯುವ ಉಪಕರಣದ್ದೋ? ಬಿಸಿಲಿನ ಮಧ್ಯಾಹ್ನ ಈ ನಾಲ್ಕೂ ನಾಲ್ಕು ಬಗೆಯಾಗಿರುತ್ತವೆ. ತಪ್ಪುಗಳಲ್ಲಿ ಹೆಚ್ಚಿನವು ಒಂದರ ಬದಲು ಇನ್ನೊಂದನ್ನು ಅಳೆದುದರಿಂದ ಆಗುವಂಥವು.

ನೀರಿನ ತಾಪಮಾನ ತೆಗೆಯುವುದು

ಸೆನ್ಸರನ್ನು ಹರಿಯುವ ನೀರಿನಲ್ಲಿ, ಮೇಲ್ಮೈಯಿಂದ ಕನಿಷ್ಠ 30 ಸೆಂ.ಮೀ. ಕೆಳಗೆ, ನೆರಳಿನಲ್ಲಿ ಇಳಿಬಿಡಿ. ಪಕ್ಕದ ಕಾಂಕ್ರೀಟಿಗೆ ತಾಗಿಸಬೇಡಿ, ದಡದ ನಿಂತ ನೀರಿನಲ್ಲಿ ಇಡಬೇಡಿ. ಅಂಕಿ ಒಂದು ನಿಮಿಷ ಕದಲದೆ ನಿಂತ ಮೇಲೆ ಬರೆದುಕೊಳ್ಳಿ. ಆಳವಾದ, ನಿಧಾನ ಹರಿವಿನ ನಾಲೆಯಾದರೆ ತಳದ ಹತ್ತಿರ ಇನ್ನೊಂದು ಅಳತೆ ತೆಗೆಯಿರಿ. ಎರಡರ ನಡುವೆ 1 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ನೀರು ಬೆರೆತಿಲ್ಲ ಎಂದು ತಿಳಿದು, ಒಂದೇ ಅಂಕಿಯ ಮೇಲೆ ಲೆಕ್ಕ ನಡೆಸಬೇಡಿ.

ಸೆನ್ಸರ್ ಪರೀಕ್ಷೆಗೆ ಮಂಜುಗಡ್ಡೆಯ ಪಾತ್ರೆ ಸಾಕು. ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿ ಮಾಡಿ ಥರ್ಮಾಸ್‌ಗೆ ತುಂಬಿ, ಸಂದು ಮುಚ್ಚುವಷ್ಟೇ ತಣ್ಣೀರು ಹಾಕಿ, ಸೆನ್ಸರನ್ನು ತಳಕ್ಕೆ ಮುಟ್ಟದಂತೆ ನಡುವೆ ಇಳಿಸಿ ಹತ್ತು ನಿಮಿಷ ಬಿಡಿ. 0 ಡಿಗ್ರಿ ತೋರಿಸಬೇಕು. ಇದನ್ನು ಸ್ಥಳದಲ್ಲಿ ಬಳಸುವ ಪೂರ್ತಿ ಕೇಬಲ್ ಜೋಡಿಸಿಯೇ ಮಾಡಿ. ಪಿಟಿ-100 ಎಂಬ ಪ್ಲಾಟಿನಂ ಸೆನ್ಸರ್‌ನ ವಿದ್ಯುತ್ ರೋಧ 0 ಡಿಗ್ರಿಯಲ್ಲಿ 100 ಓಮ್, ಆಮೇಲೆ ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ಎರಡು ತಂತಿಯ ಜೋಡಣೆಯಲ್ಲಿ ಕೇಬಲ್‌ನ 1 ಓಮ್ ಸೇರಿಕೊಂಡರೂ 2.6 ಡಿಗ್ರಿ ಹೆಚ್ಚಿಗೆ ತೋರಿಸುತ್ತದೆ. ಉದ್ದ ಕೇಬಲ್ ಇದ್ದರೆ ಮೂರು ಅಥವಾ ನಾಲ್ಕು ತಂತಿಯ ಜೋಡಣೆಯೇ ಬೇಕು.

ಹೂಳು ಮತ್ತು ಸೋರಿಕೆ

ನೀರು ಬಿಸಿಯಾದಷ್ಟೂ ತೆಳುವಾಗುತ್ತದೆ. ಅದರ ಸ್ನಿಗ್ಧತೆ (ಹರಿಯುವುದಕ್ಕೆ ಒಡ್ಡುವ ಒಳತಡೆ) 10 ಡಿಗ್ರಿಯಲ್ಲಿ 1.307, 20ರಲ್ಲಿ 1.002, 30ರಲ್ಲಿ 0.798, 40ರಲ್ಲಿ 0.653 ಮಿಲಿಪ್ಯಾಸ್ಕಲ್-ಸೆಕೆಂಡ್. ಸಾಂದ್ರತೆ ಇಷ್ಟೇ ಅಂತರದಲ್ಲಿ ಶೇಕಡಾ ಒಂದರಷ್ಟೂ ಬದಲಾಗುವುದಿಲ್ಲ, ಅದನ್ನು ಬಿಟ್ಟುಬಿಡಿ.

ಹೂಳು ತಂಗುವ ಕೊಳದ ಉದ್ದ ಲೆಕ್ಕ ಹಾಕೋಣ. ಕಣದ ಅಗಲ 0.05 ಮಿ.ಮೀ., ನೀರಿನ ಆಳ 2 ಮೀ., ವೇಗ ಸೆಕೆಂಡಿಗೆ 0.3 ಮೀ. ಸ್ಟೋಕ್ಸ್ ಸೂತ್ರದ ಪ್ರಕಾರ ಈ ಗಾತ್ರದ ಮರಳುಕಲ್ಲಿನ ಪುಡಿ 30 ಡಿಗ್ರಿಯಲ್ಲಿ ಸೆಕೆಂಡಿಗೆ 2.8 ಮಿ.ಮೀ. ಇಳಿಯುತ್ತದೆ, 10 ಡಿಗ್ರಿಯಲ್ಲಿ 1.7 ಮಿ.ಮೀ. ಮಾತ್ರ. ಮೇಲಿನ ಕಣ ತಳ ಮುಟ್ಟುವಷ್ಟರಲ್ಲಿ ಬಿಸಿ ನೀರಿನಲ್ಲಿ ಸುಮಾರು 215 ಮೀ. ಸಾಗಿದರೆ, ತಣ್ಣೀರಿನಲ್ಲಿ 350 ಮೀ. ಸಾಗಿರುತ್ತದೆ. ಬೇಸಿಗೆಯ ಅಂಕಿ ಹಿಡಿದು ಕಟ್ಟಿದ ಕೊಳ ಚಳಿಗಾಲದಲ್ಲಿ ಹೂಳನ್ನು ಮುಂದಕ್ಕೆ ಬಿಡುವುದು ಇದಕ್ಕೇ. ವರ್ಷದ ಸರಾಸರಿಯನ್ನು ಬಳಸದೆ, ಕೆಸರು ನೀರು ಬರುವ ತಿಂಗಳಿನ ಅತಿ ಕಡಿಮೆ ತಾಪಮಾನದಲ್ಲಿ ವಿನ್ಯಾಸ ಮಾಡಿ. ಒಂದು ಎಚ್ಚರಿಕೆ: ಸ್ಟೋಕ್ಸ್ ಸೂತ್ರ ಸಣ್ಣ ಕಣಗಳಿಗಷ್ಟೇ. 0.1 ಮಿ.ಮೀ. ದಾಟಿದ ಮರಳಿಗೆ ಬೇರೆ ಸೂತ್ರ ಬೇಕು, ಅಲ್ಲಿ ತಾಪಮಾನದ ಪ್ರಭಾವವೂ ಕಡಿಮೆ.

ಸೋರಿಕೆಗೂ ಇದೇ ಸ್ನಿಗ್ಧತೆ. ಒಂದೇ ಏರಿ, ಒಂದೇ ಮಣ್ಣು ಆಗಿದ್ದರೂ 30 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಶೇಕಡಾ 25ರಷ್ಟು ಹೆಚ್ಚು ಜಿನುಗುತ್ತದೆ. ಹಾಗಾಗಿ ರಿಪೇರಿಗೆ ಮುಂಚಿನ ಮತ್ತು ನಂತರದ ಅಳತೆಗಳನ್ನು ಹಾಗೇ ಹೋಲಿಸಬಾರದು. ಅಳೆದ ಅಂಕಿಯನ್ನು ಆ ದಿನದ ಸ್ನಿಗ್ಧತೆಯಿಂದ ಗುಣಿಸಿ 1.002ರಿಂದ ಭಾಗಿಸಿದರೆ 20 ಡಿಗ್ರಿಯ ಅಂಕಿ ಸಿಗುತ್ತದೆ. ಎರಡನ್ನೂ ಅಲ್ಲಿಗೆ ತಂದು ಹೋಲಿಸಿ. ಬೇಸಿಗೆಯಲ್ಲಿ ಒಮ್ಮೆ, ರಿಪೇರಿಯಾದ ಮೇಲೆ ಚಳಿಯಲ್ಲಿ ಒಮ್ಮೆ ಅಳೆದು "ಸೋರಿಕೆ ಕಾಲುಭಾಗ ಇಳಿದಿದೆ" ಎಂಬ ವರದಿ ಬಂದರೆ, ಆ ಇಳಿಕೆ ಚಳಿಯದೇ ಇರಬಹುದು.

ಗಾಳಿಯೇ ಅಳತೆಗೋಲಾದಾಗ

ನೀರಿನ ಮೇಲೆ ತೂಗುಹಾಕುವ ಅಲ್ಟ್ರಾಸಾನಿಕ್ ಮಟ್ಟಮಾಪಕ ದೂರವನ್ನು ನೇರವಾಗಿ ಅಳೆಯುವುದಿಲ್ಲ. ಶಬ್ದ ಹೋಗಿಬರುವ ಸಮಯ ನೋಡಿ, ಗಾಳಿಯಲ್ಲಿ ಶಬ್ದದ ವೇಗದಿಂದ ದೂರ ಲೆಕ್ಕ ಹಾಕುತ್ತದೆ. ಆ ವೇಗ ಸೆಕೆಂಡಿಗೆ 331.3 ಮೀ.ಗೆ ಪ್ರತಿ ಡಿಗ್ರಿಗೂ 0.606 ಸೇರಿಸಿದಷ್ಟು. ಇದನ್ನು ಸರಿದೂಗಿಸಲು ಮಾಪಕದ ಹೊಟ್ಟೆಯೊಳಗೇ ಒಂದು ತಾಪಮಾನ ಸೆನ್ಸರ್ ಇರುತ್ತದೆ, ಮತ್ತು ಎಡವಟ್ಟು ಆಗುವುದೂ ಅಲ್ಲಿಯೇ.

ಗಾಳಿ 30 ಡಿಗ್ರಿ ಇರಲಿ. ಬಿಸಿಲು ಬಿದ್ದ ಮಾಪಕದ ಕವಚ 45ಕ್ಕೆ ಕಾದಿರಲಿ. ಶಬ್ದ ಇರುವುದಕ್ಕಿಂತ ವೇಗವಾಗಿ ಓಡುತ್ತಿದೆಯೆಂದು ಮಾಪಕ ನಂಬಿ, 1.5 ಮೀ. ದೂರವನ್ನು 39 ಮಿ.ಮೀ. ಹೆಚ್ಚಿಗೆ ಹೇಳುತ್ತದೆ, ಅಂದರೆ ನೀರಿನ ಮಟ್ಟ ಅಷ್ಟು ಕಡಿಮೆ ಕಾಣುತ್ತದೆ. ವಿ-ನಾಚ್ (ಹರಿವು ಅಳೆಯಲು ಅಡ್ಡಗೋಡೆಯಲ್ಲಿ ಕೊರೆದ ವಿ ಆಕಾರದ ಕಂಡಿ) ಮೇಲೆ ನೀರು 200 ಮಿ.ಮೀ. ಇದ್ದದ್ದು 161 ಎಂದು ದಾಖಲಾಗುತ್ತದೆ. ವಿ-ನಾಚ್‌ನಲ್ಲಿ ಹರಿವು ಎತ್ತರದ 2.5ನೇ ಘಾತಕ್ಕೆ ತಕ್ಕಂತೆ ಏರುವುದರಿಂದ, ನಿಜದ ಹರಿವಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ಲೆಕ್ಕದಿಂದ ಮಾಯ. ದಿನದ ಗ್ರಾಫಿನಲ್ಲಿ ಪ್ರತಿ ಮಧ್ಯಾಹ್ನ ತಗ್ಗು ಕಂಡು ಸಂಜೆಗೆ ಸರಿಹೋಗುತ್ತಿದ್ದರೆ ನೀರುಗಳ್ಳರನ್ನು ಹುಡುಕುವ ಮುಂಚೆ ಮಾಪಕದ ಮೇಲೆ ನೆರಳು ಇದೆಯೇ ನೋಡಿ.

ಪರಿಹಾರ ಸರಳ. ಮಾಪಕಕ್ಕೆ ಗಾಳಿಯಾಡುವ ಬಿಳಿ ಬಿಸಿಲುಮರೆ ಕಟ್ಟಿ, ಮರೆ ಮತ್ತು ಕವಚದ ನಡುವೆ ಒಂದು ಕೈಯಗಲ ಸಂದು ಬಿಡಿ. ಸಾಧ್ಯವಾದರೆ ತಾಪಮಾನ ಸೆನ್ಸರನ್ನು ಹೊರಗೆ ತಂದು, ಶಬ್ದ ಸಾಗುವ ದಾರಿಯ ಪಕ್ಕ ನೆರಳಿನಲ್ಲಿಡಿ. ಮಾಪಕವನ್ನು ಅನಗತ್ಯ ಎತ್ತರಕ್ಕೆ ಕಟ್ಟಬೇಡಿ: ದೂರ ಅರ್ಧವಾದರೆ ತಪ್ಪೂ ಅರ್ಧ. ಆದರೆ ತಯಾರಕರು ಹೇಳಿದ ಕನಿಷ್ಠ ದೂರಕ್ಕಿಂತ ಹತ್ತಿರ ತರುವಂತಿಲ್ಲ. ಆಮೇಲೆ ನಸುಕಿಗೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಅಳತೆಪಟ್ಟಿಯ ಓದಿನ ಜೊತೆ ತಾಳೆ ನೋಡಿ. ಒಂದೇ ಹೊತ್ತಿನ ತಾಳೆ ಪ್ರಯೋಜನಕ್ಕೆ ಬಾರದು.

ಗೋಡೆ ಮತ್ತು ಹಾಳೆ

ಕಾಂಕ್ರೀಟ್ ಲೈನಿಂಗ್ ಡಿಗ್ರಿಗೆ, ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. 3 ಮೀ. ಉದ್ದದ ಫಲಕ 30 ಡಿಗ್ರಿ ತಣ್ಣಗಾದರೆ 0.9 ಮಿ.ಮೀ. ಒಣಗುವಾಗಿನ ಕುಗ್ಗುವಿಕೆ ಇದರ ಮೇಲೆ ಸೇರುತ್ತದೆ. ಜಾಯಿಂಟಿನ ಸೀಳುಗೆರೆಯನ್ನು ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕೊಯ್ಯಬೇಕು; 100 ಮಿ.ಮೀ. ದಪ್ಪಕ್ಕೆ 25ರಿಂದ 33 ಮಿ.ಮೀ. ಗರಗಸಕ್ಕೆ ಅಂಚು ಉದುರದಷ್ಟು ಗಟ್ಟಿಯಾದ ಕೂಡಲೇ ಕೊಯ್ಯಿರಿ. ಬಿಸಿ ದಿನದಲ್ಲಿ ಆ ಹೊತ್ತು ಕೆಲವೇ ಗಂಟೆಗಳಲ್ಲಿ ಬಂದು ಹೋಗುತ್ತದೆ, ಮಾರನೇ ದಿನಕ್ಕೆ ಬಿಟ್ಟರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿದಿರುತ್ತದೆ. ಮೇಲ್ಮೈಯಿಂದ ಗಂಟೆಗೆ ಚದರ ಮೀಟರಿಗೆ 1 ಕೆ.ಜಿ. ನೀರು ಆವಿಯಾಗುವಷ್ಟು ಬಿಸಿಲುಗಾಳಿ ಇದ್ದರೆ ಹಸಿ ಬಿರುಕು ಬಂದೇ ಬರುತ್ತದೆ ಎಂದುಕೊಂಡು ಕೆಲಸವನ್ನು ಸಂಜೆಗೆ ದೂಡಿ. ಕ್ಯೂರಿಂಗ್ ನೀರು ಕಾಂಕ್ರೀಟಿಗಿಂತ 11 ಡಿಗ್ರಿಗೂ ಹೆಚ್ಚು ತಣ್ಣಗಿರಬಾರದು. ಜಾಯಿಂಟಿನ ಸಂದಿಗೆ ಸೀಲಂಟ್ ತುಂಬುವುದನ್ನು ದಿನದ ಅತಿ ಬಿಸಿಯ ಹೊತ್ತಿನಲ್ಲಿ ಮಾಡಬೇಡಿ. ಆಗ ಸಂದು ಕಿರಿದಾಗಿರುತ್ತದೆ, ಆಮೇಲಿನ ಎಲ್ಲ ಚಲನೆಯೂ ಸೀಲಂಟನ್ನು ಎಳೆಯುತ್ತಲೇ ಇರುತ್ತದೆ.

ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಹಾಳೆ ಇದಕ್ಕಿಂತ ಹತ್ತು ಪಟ್ಟು ಮಿಕ್ಕಿ ಆಡುತ್ತದೆ: ಡಿಗ್ರಿಗೆ, ಮೀಟರಿಗೆ ಸುಮಾರು 0.15 ಮಿ.ಮೀ. ಕಪ್ಪು ಹಾಳೆ ಬಿಸಿಲಿನಲ್ಲಿ 60 ಡಿಗ್ರಿ ದಾಟುತ್ತದೆ. ಅಲ್ಲಿಂದ 40 ಡಿಗ್ರಿ ಇಳಿದರೆ 50 ಮೀ. ಹಾಳೆ 30 ಸೆಂ.ಮೀ. ಕುಗ್ಗಬೇಕು. ಮಧ್ಯಾಹ್ನ ಬಿಗಿಯಾಗಿ ಹಾಸಿದ ಹಾಳೆ ರಾತ್ರಿ ಇಳಿಜಾರಿನ ಬುಡದಲ್ಲಿ ನೆಲ ಬಿಟ್ಟು ಮೇಲೆದ್ದು ನಿಲ್ಲುತ್ತದೆ. ನೀರು ಬಿಟ್ಟಾಗ ಮೊದಲು ಕೀಳುವುದು ಅಲ್ಲಿನ ವೆಲ್ಡ್. ಹಾಸುವಾಗ ಸಡಿಲ ಕೊಟ್ಟು, ಹಾಳೆಯ ಮೇಲಂಚನ್ನು ಹೂತು ಹಿಡಿಸುವ ಗುಂಡಿಗೆ ಮಣ್ಣು ತುಂಬುವುದನ್ನು ಹಾಳೆ ಕುಗ್ಗಿ ಕುಳಿತಿರುವ ನಸುಕಿಗೆ ಇಟ್ಟುಕೊಳ್ಳಿ. ಮಡಿಕೆ ಬಿದ್ದ ಹಾಳೆಯ ಮೇಲೆ ಮಣ್ಣು ಮುಚ್ಚಬೇಡಿ, ಮಡಿಕೆಯ ಗೆರೆಯೇ ಮುಂದೆ ಬಿರುಕಾಗುತ್ತದೆ.

ಹೆಪ್ಪುಗಟ್ಟುವ ನಾಡಿನ ನಾಲೆಗಳಿಗೆ ಒಂದೇ ಅಂಕಿ ನೆನಪಿಡಿ. ಮೇಲೆ ಮಂಜುಗಡ್ಡೆಯ ಹೊದಿಕೆ ಬಿದ್ದರೆ ನೀರು ಉಜ್ಜುವ ಸುತ್ತಳತೆ ಸುಮಾರು ಇಮ್ಮಡಿಯಾಗುತ್ತದೆ. ಅಗಲವಾದ ನಾಲೆಯಲ್ಲಿ, ಹೊದಿಕೆಯ ಒರಟುತನ ತಳದಷ್ಟೇ ಇದ್ದರೆ, ಅದೇ ಹರಿವಿಗೆ ಶೇಕಡಾ 32ರಷ್ಟು ಹೆಚ್ಚು ಆಳ ಬೇಕು. ಏರಿಯ ಎತ್ತರದಲ್ಲಿ ಇಷ್ಟಕ್ಕೂ ಮಂಜುಗಡ್ಡೆಯ ದಪ್ಪಕ್ಕೂ ಜಾಗವಿರಲಿ.

ಕೂದಲೆಳೆಯ ನಾಳಗಳು

ಹೊಲದ ನಾಲೆಯಿಂದ ಈಗ ಪ್ರಯೋಗಾಲಯದ ಕೂದಲೆಳೆಯಷ್ಟು ಸಣ್ಣ ನಾಳಗಳಿಗೆ ಬರೋಣ. ಸೂಕ್ಷ್ಮ ನಾಳದಲ್ಲಿ ಹರಿವು ಪದರಪದರವಾಗಿ ಸಾಗುವುದರಿಂದ ಸ್ನಿಗ್ಧತೆಯದೇ ಪೂರ್ತಿ ಆಡಳಿತ. ಒತ್ತಡ ಸ್ಥಿರವಾಗಿಟ್ಟು 25ರಿಂದ 37 ಡಿಗ್ರಿಗೆ ಬಿಸಿ ಮಾಡಿದರೆ ನೀರಿನ ಹರಿವು ಶೇಕಡಾ 29ರಷ್ಟು ಏರುತ್ತದೆ. ಹರಿವು ಬದಲಾಗಬಾರದೆಂದಿದ್ದರೆ ಒತ್ತಡದ ಪಂಪಿನ ಬದಲು ಸಿರಿಂಜ್ ಪಂಪ್ ಬಳಸಿ. ಇನ್ನೊಂದು ಕಾಟ ಗುಳ್ಳೆ: ಲೀಟರ್ ನೀರು 20 ಡಿಗ್ರಿಯಲ್ಲಿ 9.1 ಮಿ.ಗ್ರಾಂ. ಆಮ್ಲಜನಕ ಹಿಡಿದಿಟ್ಟುಕೊಂಡರೆ 37ರಲ್ಲಿ 6.7 ಮಾತ್ರ; ಉಳಿದದ್ದು ಗುಳ್ಳೆಯಾಗಿ ನಾಳಕ್ಕೆ ಅಡ್ಡ ನಿಲ್ಲುತ್ತದೆ. ದ್ರವವನ್ನು ಮೊದಲೇ ಬಳಕೆಯ ತಾಪಮಾನಕ್ಕಿಂತ ತುಸು ಮೇಲೆ ಕಾಯಿಸಿ, ನಿರ್ವಾತದಲ್ಲಿಟ್ಟು ಗಾಳಿ ತೆಗೆದು, ಆಮೇಲೆ ತುಂಬಿ.

ಜೀವಕೋಶದ ಅಯಾನ್ ಚಾನೆಲ್‌ಗಳಲ್ಲಿ, ಅಂದರೆ ಕೋಶದ ಪೊರೆಯಲ್ಲಿ ವಿದ್ಯುದಾವೇಶದ ಕಣಗಳು (ಅಯಾನುಗಳು) ಹಾಯುವ, ತೆರೆದು ಮುಚ್ಚುವ ಬಾಗಿಲಿನ ಪ್ರೋಟೀನ್ ನಾಳಗಳಲ್ಲಿ, ಇನ್ನೂ ಸೂಕ್ಷ್ಮ. ತೆರೆದ ಚಾನೆಲ್‌ನಲ್ಲಿ ಅಯಾನುಗಳ ಓಟ 10 ಡಿಗ್ರಿಗೆ ಸುಮಾರು 1.2ರಿಂದ 1.5 ಪಟ್ಟು ಏರಿದರೆ, ಬಾಗಿಲು ತೆರೆದು ಮುಚ್ಚುವ ವೇಗ ಸುಮಾರು 3 ಪಟ್ಟು ಏರುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಪ್ರಕಟಿಸಿದ ನರಸಂಕೇತದ ಸಮೀಕರಣಗಳು 6.3 ಡಿಗ್ರಿಗೆ ಹೊಂದಿಸಿದವು. 18.5 ಡಿಗ್ರಿಗೆ ಒಯ್ಯುವಾಗ ಬಾಗಿಲಿನ ದರಗಳನ್ನೆಲ್ಲ 3.8ರಿಂದ ಗುಣಿಸಬೇಕು. 22 ಡಿಗ್ರಿಯ ದಾಖಲೆಯನ್ನು 37ಕ್ಕೆ ತಿದ್ದುವಾಗ ವಾಹಕತೆಗೂ (ಅಯಾನುಗಳ ಓಟಕ್ಕೂ) ಬಾಗಿಲಿನ ವೇಗಕ್ಕೂ ಒಂದೇ ಗುಣಕ ಹಾಕುವುದು ಸಾಮಾನ್ಯ ತಪ್ಪು. ಮೊದಲನೆಯದು ಎರಡು ಪಟ್ಟಿನೊಳಗೇ ಉಳಿಯುತ್ತದೆ, ಎರಡನೆಯದು ಐದು ಪಟ್ಟು ದಾಟುತ್ತದೆ. ಸುಮಾರು 43 ಡಿಗ್ರಿಗೆ ತೆರೆದುಕೊಳ್ಳುವ ಟಿಆರ್‌ಪಿವಿ-1ನಂಥ ಶಾಖಗ್ರಾಹಿ ಚಾನೆಲ್‌ಗಳಿಗೆ ಈ ಯಾವ ಗುಣಕವೂ ಒಗ್ಗುವುದಿಲ್ಲ, ಅವನ್ನು ಆಯಾ ತಾಪಮಾನದಲ್ಲೇ ಅಳೆಯಬೇಕು.

ಅಳೆಯುವಾಗ ಹೀಟರಿನ ಪರದೆಯ ಅಂಕಿಯನ್ನು ನಂಬಬೇಡಿ. ಥರ್ಮಿಸ್ಟರ್ ಎಂಬ ಸಣ್ಣ ತಾಪಮಾನ ಸೆನ್ಸರನ್ನು ಕೋಶದಿಂದ ಒಂದೆರಡು ಮಿ.ಮೀ. ದೂರದಲ್ಲಿ ದ್ರವದೊಳಗಿಡಿ. ದ್ರವ ಹಾಯಿಸುವ ವೇಗ ಬದಲಿಸಿದಾಗಲೆಲ್ಲ ಅಲ್ಲಿನ ತಾಪಮಾನವೂ ಬದಲಾಗುತ್ತದೆ, ಆದ್ದರಿಂದ ವೇಗ ಮೊದಲು ನಿಗದಿ ಮಾಡಿ, ಅಂಕಿ ನಿಂತ ಮೇಲೆ ದಾಖಲೆ ಶುರು ಮಾಡಿ.